ನೀರಿನ ಪಾದರಸ, ಕೈಯ ಪಾದರಸ: ಒಂದು ಅಳತೆಯ ಇತಿಹಾಸ

ಸಾರಾಂಶ: ಕೆರೆ, ನದಿ, ಕಡಲ ನೀರಿನಲ್ಲಿರುವ ಅತ್ಯಲ್ಪ ಪಾದರಸವನ್ನು ಅಳೆಯುವ ವಿಧಾನಗಳು 1950ರ ದಶಕದಿಂದೀಚೆಗೆ ಬೆಳೆದ ಬಗೆಯನ್ನು ಈ ಲೇಖನ ಪರಿಶೀಲಿಸುತ್ತದೆ. ಉಪಕರಣಗಳು ಸೂಕ್ಷ್ಮವಾದದ್ದಕ್ಕಿಂತಲೂ, ಅಳೆಯುವವರು ತಾವೇ ಬೆರೆಸುತ್ತಿದ್ದ ಪಾದರಸವನ್ನು ಗುರುತಿಸಿದ್ದು ಇಲ್ಲಿ ಹೆಚ್ಚು ನಿರ್ಣಾಯಕವಾಯಿತು ಎಂಬುದು ಇದರ ವಾದ.

1. ಎಷ್ಟು, ಯಾವುದು

ಜಪಾನಿನ ಮಿನಮಾಟದಲ್ಲಿ ಕಾರಣ ತಿಳಿಯದ ನರರೋಗವೊಂದು ಅಧಿಕೃತವಾಗಿ ದಾಖಲಾದದ್ದು 1956ರ ಮೇ 1ರಂದು. ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ಸಾವಯವ ಪಾದರಸದತ್ತ ಬೊಟ್ಟು ಮಾಡಿದ್ದು 1959ರ ಜುಲೈನಲ್ಲಿ. ಅಂದು ಬಳಕೆಯಲ್ಲಿದ್ದದ್ದು ಡೈಥೈಜೋನ್ ವಿಧಾನ. ಮಾದರಿಯನ್ನು ಆಮ್ಲದಲ್ಲಿ ಕುದಿಸಿ, ಡೈಥೈಜೋನಿನೊಡನೆ ಪಾದರಸ ಕೂಡಿದಾಗ ಮೂಡುವ ಬಣ್ಣವನ್ನು ಅಳೆಯುತ್ತಿದ್ದರು. ಕುದಿತದಲ್ಲಿ ಸಾವಯವ ಸಂಯುಕ್ತಗಳೆಲ್ಲ ಒಡೆಯುವುದರಿಂದ ಪಾದರಸ ಎಷ್ಟಿದೆ ಎಂಬುದು ತಿಳಿಯುತ್ತಿತ್ತೇ ಹೊರತು ಯಾವ ರೂಪದಲ್ಲಿತ್ತೆಂಬುದು ತಿಳಿಯುತ್ತಿರಲಿಲ್ಲ.

ಈ ಎರಡನೆಯ ಪ್ರಶ್ನೆಗೆ ದಾರಿ ತೋರಿದವರು ಸ್ವೀಡನ್ನಿನ ಗುನ್ನೆಲ್ ವೆಸ್ಟೊ. ಮೀನಿನಲ್ಲಿರುವ ಪಾದರಸ ಬಹುಪಾಲು ಮಿಥೈಲ್ ಪಾದರಸವೆಂದು ಅವರು 1966ರಲ್ಲಿ ಗ್ಯಾಸ್ ಕ್ರೊಮ್ಯಾಟೊಗ್ರಫಿಯಿಂದ ತೋರಿಸಿದರು. ಕೆಸರಿನ ಸೂಕ್ಷ್ಮಜೀವಿಗಳು ನಿರವಯವ ಪಾದರಸವನ್ನು ಮಿಥೈಲ್ ರೂಪಕ್ಕೆ ತಿರುಗಿಸಬಲ್ಲವು ಎಂದು ಜೆನ್ಸೆನ್ ಮತ್ತು ಯೆರ್ನೆಲೋವ್ 1969ರಲ್ಲಿ ವರದಿ ಮಾಡಿದರು.

2. ಆವಿ, ಚಿನ್ನ, ಬೆಳಕು

‘ಪಾದರಸದಂಥವನು’ ಎಂದರೆ ಒಂದೆಡೆ ನಿಲ್ಲದವನು. ಈ ಚಂಚಲತೆಯೇ ಅಳತೆಗೆ ಒದಗಿಬಂತು. ಸಾಮಾನ್ಯ ಉಷ್ಣಾಂಶದಲ್ಲೇ ಆವಿಯಾಗುವ ಪಾದರಸ 253.7 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಹೀರುತ್ತದೆ. ನೀರಿಗೆ ಸ್ಟ್ಯಾನಸ್ ಕ್ಲೋರೈಡ್ ಬೆರೆಸಿ, ಗಾಳಿ ಹಾಯಿಸಿ, ಹೊರಟ ಆವಿಯನ್ನು ಆ ಬೆಳಕಿಗೊಡ್ಡುವ ‘ಶೀತ ಆವಿ’ ಕ್ರಮ 1968ರ ಹ್ಯಾಚ್ ಮತ್ತು ಆಟ್ ಅವರ ಲೇಖನದ ನಂತರ ಪ್ರಯೋಗಾಲಯಗಳಲ್ಲಿ ನೆಲೆಯೂರಿತು.

ಥರ್ಮಾಮೀಟರ್ ಒಡೆದಾಗ ಕೈಯ ಚಿನ್ನದುಂಗುರ ಬೆಳ್ಳಗಾಗುವುದನ್ನು ಕಂಡವರಿದ್ದಾರೆ. ಇದೇ ಗುಣವನ್ನು ಬಳಸಿ ವಿಲಿಯಂ ಫಿಟ್ಸ್‌ಜೆರಾಲ್ಡ್ ಮತ್ತು ಗ್ಯಾರಿ ಗಿಲ್ 1979ರಲ್ಲಿ ಆವಿಯನ್ನು ಚಿನ್ನದ ಮೇಲೆ ಹಿಡಿದು, ಕಾಯಿಸಿ, ಒಮ್ಮೆಲೇ ಬಿಡಿಸುವ ಕ್ರಮವನ್ನು ವಿವರಿಸಿದರು. ಮುಂದೆ ಹೀರಿಕೆಯ ಬದಲು ಪ್ರತಿದೀಪ್ತಿಯನ್ನು ಅಳೆಯತೊಡಗಿದ ಮೇಲೆ ಪಿಕೊಗ್ರಾಂಗಳೂ ಎಟುಕಿದವು.

3. ಅಳೆಯುವವರ ಮಡಿ

ಉಪಕರಣ ಸೂಕ್ಷ್ಮವಾದಂತೆ ಹಳೆಯ ಅಂಕಿಗಳು ಅನುಮಾನಕ್ಕೊಳಗಾದವು. ಬಾಟಲಿ, ಆಮ್ಲ, ಪ್ರಯೋಗಾಲಯದ ಗಾಳಿ ಎಲ್ಲವೂ ಪಾದರಸವನ್ನು ಸೇರಿಸಬಲ್ಲವು; ಪಾಲಿಥೀನ್ ಬಾಟಲಿಯ ಗೋಡೆಯ ಮೂಲಕವೇ ಅದು ನುಸುಳಬಲ್ಲದು. ಟೆಫ್ಲಾನ್ ಬಾಟಲಿ ಮತ್ತು ಶುದ್ಧಗೊಳಿಸಿದ ಆಮ್ಲ ಬಳಸಿ ಅಳೆದಾಗ ವಿಸ್ಕಾನ್ಸಿನ್‌ನ ಗ್ರಾಮೀಣ ಸರೋವರಗಳಲ್ಲಿ ಸಿಕ್ಕಿದ್ದು ಲೀಟರಿಗೆ ಸುಮಾರು 1 ನ್ಯಾನೊಗ್ರಾಂ ಮಾತ್ರ. ಹಿಂದಿನ ಎಷ್ಟೋ ವರದಿಗಳು ಇದರ ಹತ್ತಾರು ಪಟ್ಟು ಹೇಳುತ್ತಿದ್ದವು. ಇಳಿದದ್ದು ನೀರಿನ ಪಾದರಸವಲ್ಲ, ಕೈಯ ಪಾದರಸ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 1669ನೇ ವಿಧಾನ ಈ ಎಚ್ಚರವನ್ನು ನಿಯಮವಾಗಿಸಿತು. ಮಾದರಿ ತೆಗೆಯಲು ಇಬ್ಬರು ಬೇಕು. ಒಬ್ಬರು ಮಡಿಯುಟ್ಟವರಂತೆ ಬಾಟಲಿಯನ್ನಷ್ಟೇ ಮುಟ್ಟಬೇಕು, ಉಳಿದದ್ದನ್ನೆಲ್ಲ ಇನ್ನೊಬ್ಬರು ನೋಡಿಕೊಳ್ಳಬೇಕು. ಹಲ್ಲಿನ ಕುಳಿಗೆ ಪಾದರಸದ ಮಿಶ್ರಲೋಹ ತುಂಬಿಸಿಕೊಂಡವರ ಉಸಿರಿನ ಬಗ್ಗೆಯೂ ಅದರಲ್ಲಿ ಎಚ್ಚರಿಕೆಯಿದೆ. ಲೀಟರಿಗೆ 0.2 ನ್ಯಾನೊಗ್ರಾಂವರೆಗೆ ಪತ್ತೆಹಚ್ಚುವ 1631ನೇ ವಿಧಾನ 1999ರಲ್ಲಿ ಜಾರಿಗೆ ಬಂತು.

ಸಂಯುಕ್ತಗಳ ಅಳತೆಯಲ್ಲೂ ಇದೇ ಪಾಠ. ನಿಕೋಲಸ್ ಬ್ಲೂಮ್ 1989ರಲ್ಲಿ ಮಿಥೈಲ್ ಪಾದರಸಕ್ಕೆ ನೀರಿನಲ್ಲೇ ಈಥೈಲ್ ಗುಂಪನ್ನು ಜೋಡಿಸಿ, ಆವಿಯಾಗಿಸಿ, ಬೇರ್ಪಡಿಸುವ ಮಾರ್ಗ ಕೊಟ್ಟರು. ಆದರೆ ಮಾದರಿಯನ್ನು ಬಟ್ಟಿ ಇಳಿಸುವಾಗ ನಿರವಯವ ಪಾದರಸದ ಒಂದು ಅಂಶ ಹೊಸದಾಗಿ ಮಿಥೈಲ್ ಪಾದರಸವಾಗಬಲ್ಲದೆಂದು ಹಿಂಟೆಲ್‌ಮನ್ ಮತ್ತು ಸಂಗಡಿಗರು 1997ರಲ್ಲಿ ಐಸೊಟೋಪುಗಳ ನೆರವಿನಿಂದ ತೋರಿಸಿದರು. ಹುಡುಕುವ ಕೆಲಸವೇ ಹುಡುಕುವ ವಸ್ತುವನ್ನು ಹುಟ್ಟಿಸುತ್ತಿತ್ತು.

4. ಕೊಡೈಕನಾಲ್ ಮತ್ತು ಸಮಾರೋಪ

2001ರಲ್ಲಿ ಪಾದರಸದ ಥರ್ಮಾಮೀಟರ್ ಕಾರ್ಖಾನೆ ಮುಚ್ಚಿದ ಕೊಡೈಕನಾಲಿನ ಸರೋವರವನ್ನು ಹೈದರಾಬಾದಿನ ವಿಜ್ಞಾನಿಗಳು ಪರೀಕ್ಷಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀರಿನಲ್ಲಿ ಲೀಟರಿಗೆ 356ರಿಂದ 465 ನ್ಯಾನೊಗ್ರಾಂ ಪಾದರಸವಿತ್ತು. ಅದರಲ್ಲಿ ಸುಮಾರು 50 ನ್ಯಾನೊಗ್ರಾಂ ಮಿಥೈಲ್ ರೂಪದ್ದು. ಭಾರತದ ಕುಡಿಯುವ ನೀರಿನ ಮಾನಕ ಅನುಮತಿಸುವುದು 1,000 ನ್ಯಾನೊಗ್ರಾಂ. ಈ ಮಿತಿಯೊಂದನ್ನೇ ನೋಡಿದರೆ ಸರೋವರ ಪರೀಕ್ಷೆಯಲ್ಲಿ ಪಾಸು. ಆದರೆ ಮಿಥೈಲ್ ಪಾದರಸ ದೊಡ್ಡ ಮೀನಿನ ದೇಹದಲ್ಲಿ ನೀರಿನದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಸಾಂದ್ರವಾಗಬಲ್ಲದು.

ಆ ಅಧ್ಯಯನಕ್ಕೆ ತೂಕ ಬಂದದ್ದು ಅದೇ ತಂಡ ಬೆರಿಜಮ್, ಕುಕ್ಕಲ್ ಸರೋವರಗಳನ್ನೂ ಅಳೆದು, ಅಲ್ಲಿನ ನೀರಿನಲ್ಲಿ ಗಣನೀಯವಾಗಿ ಕಡಿಮೆ ಮಟ್ಟ ಕಂಡದ್ದರಿಂದ. ಬೇರೆಬೇರೆ ಕಾಲದ, ಬೇರೆಬೇರೆ ಕೈಗಳ ಅಂಕಿಗಳನ್ನು ಒಂದೇ ರೇಖೆಯಲ್ಲಿ ಪೋಣಿಸಿ ಏರಿಳಿತ ಓದುವ ಮೊದಲು, ಆ ಬಾಟಲಿಗಳನ್ನು ತೊಳೆದ ಬಗೆಯನ್ನು ಇತಿಹಾಸಕಾರ ವಿಚಾರಿಸಬೇಕು.