ಬಡಗಿಯ ಹೆಸರಿಲ್ಲದ ಕುರ್ಚಿಗಳು

ಋಷಿಕೊಂಡದಲ್ಲಿರುವ ನಮ್ಮ ಐಟಿ ಗುಡ್ಡದಿಂದ ಇಳಿದು ಕಡಲ ದಂಡೆಯ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಭೀಮಿಲಿ ಸಿಗುತ್ತದೆ. ಅಲ್ಲಿ ಡಚ್ಚರ ಹಳೆಯ ಗೋರಿಗಳಿವೆ. ಕಲ್ಲಿನ ಮೇಲೆ ಅವರ ಹೆಸರು ಇನ್ನೂ ಓದಲು ಬರುತ್ತದೆ. ಅವರಿಗೆ ಕುರ್ಚಿ, ಪೆಟ್ಟಿಗೆ ಮಾಡಿಕೊಟ್ಟ ಬಡಗಿಗಳ ಹೆಸರು ಮಾತ್ರ ಹುಡುಕಿದರೂ ಸಿಗುವುದಿಲ್ಲ.

17ನೇ ಶತಮಾನದಲ್ಲಿ ಡಚ್ಚರು, ಇಂಗ್ಲಿಷರು ಈ ಕೋರಮಂಡಲ ಕರಾವಳಿಗೆ ಬಂದದ್ದು ಬಟ್ಟೆಯ ವ್ಯಾಪಾರಕ್ಕೆ. ಅವರಿಗಾಗಿ ಇಲ್ಲಿನ ಬಡಗಿಗಳು ಕರಿಮರದಲ್ಲಿ, ಅಂದರೆ ಎಬನಿಯಲ್ಲಿ, ಹೂಬಳ್ಳಿ ಕೆತ್ತಿದ ಕುರ್ಚಿಗಳನ್ನು ಮಾಡಿದರು. ಹಡಗೇರಿ ಹೋದ ಆ ಕುರ್ಚಿಗಳು ಎಲ್ಲಿಯವೆಂಬುದೇ ಇಂಗ್ಲೆಂಡಿನಲ್ಲಿ ಮರೆತುಹೋಯಿತು. 18ನೇ ಶತಮಾನದ ಲೇಖಕ ಹೊರೇಸ್ ವಾಲ್ಪೋಲ್ ಅಂಥವನ್ನು ತಮ್ಮದೇ ಟ್ಯೂಡರ್ ರಾಜರ ಕಾಲದವೆಂದು ನಂಬಿ, ಸ್ಟ್ರಾಬೆರಿ ಹಿಲ್‌ನ ತನ್ನ ಮನೆಗೆ ಕೊಂಡು ತಂದ!

ಅಷ್ಟರಲ್ಲಿ ವಿಶಾಖಪಟ್ಟಣ ಇನ್ನೊಂದು ಕೆಲಸಕ್ಕೆ ಹೆಸರಾಗಿತ್ತು. ಬೀಟೆ ಅಥವಾ ಕರಿಮರದಲ್ಲಿ ಕುಳಿ ತೋಡಿ ಆನೆದಂತದ ತುಂಡು ಕೂರಿಸುವುದು, ದಂತದ ಮೇಲೆ ಸಣ್ಣ ಗೆರೆ ಗೀರುವುದು, ಗೀರಿನೊಳಗೆ ಕಪ್ಪು ಅರಗು ತುಂಬುವುದು. ಕುರ್ಚಿಯ ಆಕಾರ ಇಂಗ್ಲಿಷ್ ಗಿರಾಕಿಯದು. ಅಂಚಿನ ಹೂಬಳ್ಳಿ ಮಾತ್ರ ಈ ಕರಾವಳಿಯ ಚೀಟಿ ಬಟ್ಟೆಯದೇ. ಗಿರಾಕಿಯ ನಮೂನೆ, ನಮ್ಮವರ ಕೈ: ನಮ್ಮ ಆಫೀಸಿನವರಿಗೆ ಇದೇನೂ ಹೊಸತಲ್ಲ. 1756ರಲ್ಲಿ ಬಂದ ಮೇಜರ್ ಜಾನ್ ಕಾರ್ನೆಲ್ ಈ ಕೆಲಸವನ್ನು ಮೆಚ್ಚಿ ಬರೆದಿದ್ದಾನೆ. 1781ರಲ್ಲಿ ಮದ್ರಾಸಿನ ಮಾಜಿ ಗವರ್ನರ್ ಅಲೆಗ್ಸಾಂಡರ್ ವಿಂಚ್‌ನ ಸಾಮಾನು ಹರಾಜಾದಾಗ, ಗಂಧದ ಮರಕ್ಕೆ ದಂತ ಹೊದಿಸಿದ ಇಲ್ಲಿನ ಕುರ್ಚಿಗಳನ್ನು ದೊರೆ ಮೂರನೇ ಜಾರ್ಜ್ ರಾಣಿ ಶಾರ್ಲಟ್‌ಗಾಗಿ ಕೊಂಡ. ಮಾರಿದವನ ಹೆಸರಿದೆ, ಕೊಂಡವನ ಹೆಸರಿದೆ. ಮಾಡಿದವನ ಜಾಗದಲ್ಲಿ ಇರುವುದು ಊರಿನ ಹೆಸರು: ‘ವಿಜಗಪಟಂ’.

ಇದನ್ನು ಓದುವಾಗ ನನಗೆ ನಮ್ಮ ಮೈಸೂರು ನೆನಪಾಯಿತು. ಅಲ್ಲೂ ಬೀಟೆಯಲ್ಲಿ ಕುಳಿ ತೋಡಿ ಕೂರಿಸುವ ಇನ್ಲೇ ಕೆಲಸವಿದೆ. ದಂತದ ವ್ಯಾಪಾರಕ್ಕೆ ಕಾನೂನಿನ ತಡೆ ಬಿದ್ದ ಮೇಲೆ ಬಣ್ಣಬಣ್ಣದ ಮರದ ಚೂರು, ಪ್ಲಾಸ್ಟಿಕ್ ಬಳಸುತ್ತಾರೆ. ಜಿಐ ಗುರುತೂ ಸಿಕ್ಕಿದೆ. ಅದು ಕಾಯುವುದೂ ಊರಿನ ಹೆಸರನ್ನೇ.

ದಸರಾ ವಸ್ತುಪ್ರದರ್ಶನದಲ್ಲಿ ಅಪ್ಪ ಕೊಂಡಿದ್ದ ಆನೆಯ ಇನ್ಲೇ ಫಲಕ ಇಲ್ಲಿ ನಮ್ಮ ಹಾಲಿನಲ್ಲಿದೆ. ಮೊನ್ನೆ ಇಳಿಸಿ ತಿರುಗಿಸಿ ನೋಡಿದೆ. ಹಿಂದೆ ಬೆಲೆಯ ಚೀಟಿಯಷ್ಟೇ ಇತ್ತು. ಮುಂದಿನ ಸಲ ಊರಿಗೆ ಹೋದಾಗ ಒಂದನ್ನು ಕೊಂಡರೆ, ಮಾಡಿದವರ ಹೆಸರು ಕೇಳಿ, ಹಿಂಬದಿಯಲ್ಲಿ ಅವರ ಕೈಯಲ್ಲೇ ಬರೆಸಿ ತರುತ್ತೇನೆ.