ಒಲೆಯ ಮುಂದಣ ಇತಿಹಾಸ

ಅರಮನೆಗಳ ಚರಿತ್ರೆಗೆ ಶಾಸನಗಳುಂಟು. ಒಲೆಯ ಮುಂದಣ ಚರಿತ್ರೆಗೆ ಆಧಾರಗಳು ವಿರಳ. ಕನಕದಾಸರ ‘ರಾಮಧಾನ್ಯಚರಿತೆ’ಯನ್ನು ಅಂಥದೊಂದು ಆಧಾರವೆಂದೇ ನಾನು ಓದುತ್ತ ಬಂದಿದ್ದೇನೆ. 16ನೆಯ ಶತಮಾನದ ಈ ಕಾವ್ಯದಲ್ಲಿ ನೆಲ್ಲಿಗೂ ನರೆದಲೆಗನೆಂಬ ರಾಗಿಗೂ ವಾದ ಹತ್ತುತ್ತದೆ. ಶ್ರೀರಾಮನು ಇಬ್ಬರನ್ನೂ 6 ತಿಂಗಳು ಸೆರೆಯಲ್ಲಿಡುತ್ತಾನೆ. ನೆಲ್ಲು ಸೊರಗುತ್ತದೆ, ರಾಗಿ ಕೆಡದೆ ಉಳಿಯುತ್ತದೆ.

ಕವಿ ಕಂಡದ್ದು ಲೋಕಾನುಭವವನ್ನೇ. ಹಳೆಯ ಮೈಸೂರಿನ ಒಕ್ಕಲು ಮಕ್ಕಳು ರಾಗಿಯನ್ನು ಹಗೇವುಗಳಲ್ಲಿ ವರ್ಷಗಟ್ಟಲೆ ಕಾದಿಡುತ್ತಿದ್ದರು. ರಾಗಿಯ ನಡುವಣ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬೆಳೆಯುತ್ತಿದ್ದವು. ಹೀಗೆ ಒಂದೇ ಹೊಲ ಹಿಟ್ಟು, ಬೇಳೆ, ಎಣ್ಣೆಗಳನ್ನು ಕೊಡುತ್ತಿತ್ತು. ಕಾಳು ಸೊಪ್ಪು ಬೆಂದ ನೀರನ್ನು ಚೆಲ್ಲದೆ ಬಸ್ಸಾರು ಮಾಡಿ, ಉಳಿದುದನ್ನು ಪಲ್ಯಕ್ಕೆ ಒಗ್ಗರಿಸಿದ ಗೃಹಿಣಿ ಒಂದೇ ಮಡಕೆಯಿಂದ ಎರಡು ಅಡುಗೆ ತೆಗೆದಳು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದಂಶವಿದೆ. ಪಾಲಿಶ್ ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಈ ಲೆಕ್ಕವರಿಯದೆಯೂ ಆಕೆ ಮಕ್ಕಳ ಮೂಳೆ ಗಟ್ಟಿಮಾಡಿದಳು.

ಆದರೆ ಈ ಜಾಣ್ಮೆಯನ್ನು ಹೊಗಳುವಾಗ ಎಚ್ಚರ ಬೇಕು. 1876-78ರ ಬರದಲ್ಲಿ ಕೂಡಿಟ್ಟ ಕಾಳು ತೀರಿ, ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ತರು. ಮಿತವ್ಯಯವು ಇದ್ದುದನ್ನು ಹಿಗ್ಗಿಸಬಲ್ಲದು, ಇಲ್ಲದುದನ್ನು ಹುಟ್ಟಿಸಲಾರದು. ಆದ್ದರಿಂದಲೇ 2013ರಲ್ಲಿ ಬಂದ ‘ಅನ್ನಭಾಗ್ಯ’ದ ಅಗ್ಗದ ಅಕ್ಕಿಯನ್ನು ಹಗುರಾಗಿ ಕಾಣುವುದು ಉಂಡವರಿಗೆ ತರವಲ್ಲ.

ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ನಗರದ ಅಂಗಡಿಗಳಲ್ಲಿ ರಾಗಿಗೆ ಮನ್ನಣೆ ಬಂದಿದೆ. ನರೆದಲೆಗ ಮತ್ತೆ ಗೆದ್ದನೆಂದು ಹಿಗ್ಗುವ ಮುನ್ನ, ಅವನನ್ನು ಇಷ್ಟು ಕಾಲ ಸಾಕಿದ ಬಡವರ ತಣಿಗೆಯಲ್ಲಿ ಅವನಿನ್ನೂ ಇದ್ದಾನೆಯೇ ಎಂದು ನೋಡುವುದು ಒಳ್ಳೆಯದು.