ಹಚ್ಚೆ ಮಷೀನಿನ ಚರಿತ್ರೆ: ಪೇಟೆಂಟು ಹೇಳದ ಲೋಹದ ಮಾತು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಲಿಖಿತ ರೂಪ. ಕೊನೆಗೆ ಚರ್ಚೆಯ ಒಂದು ಭಾಗ ಸೇರಿಸಿದೆ.)

ನಾನು ಮಾತಾಡ್ತಾ ಇರೋದು ಉದಗಾಂವದಿಂದ. ಶಿರೋಳ ತಾಲೂಕು, ಜಯಸಿಂಗಪುರದ ಪಕ್ಕದ ಊರು. ಕೃಷ್ಣಾ ನದಿ ದಾಟಿದರೆ ಸಾಂಗಲಿ. ಇವತ್ತಿನ ವಿಷಯ ಕಾಯಿಲ್ ಹಚ್ಚೆ ಮಷೀನು. ಜಾತ್ರೆಯಲ್ಲಿ ಬ್ಯಾಟರಿಗೆ ತಂತಿ ಸಿಗಿಸಿ ‘ಗುರ್ರ್’ ಅಂತ ಓಡಿಸ್ತಾರಲ್ಲ, ಆ ಜಾತಿಯ ಯಂತ್ರ. ಇದರ ಚರಿತ್ರೆಯನ್ನ ಸಾಮಾನ್ಯವಾಗಿ ಪೇಟೆಂಟುಗಳ ಸಾಲಿನಲ್ಲಿ ಹೇಳುತ್ತಾರೆ. ನನ್ನ ವಾದ ಇಷ್ಟೇ: ಪೇಟೆಂಟು ಯಂತ್ರದ ರಚನೆ ಹೇಳುತ್ತದೆ, ಆದರೆ ಮಷೀನು ಚೆನ್ನಾಗಿ ಓಡುತ್ತದೋ ಇಲ್ಲವೋ ಅನ್ನೋದು ಬಹುಪಾಲು ಲೋಹದ ಆಯ್ಕೆಯಿಂದ ತೀರ್ಮಾನವಾಗುತ್ತದೆ. ಆ ಆಯ್ಕೆ ನಡೆಯೋದು ಮೇಸ್ತ್ರಿಯ ಕೈಯಲ್ಲಿ. ಆದ್ದರಿಂದ ಮೇಸ್ತ್ರಿಯನ್ನ ಬರೀ ನಕಲು ಮಾಡುವವ ಅಂತ ಬರೆದರೆ ಚರಿತ್ರೆ ಅರ್ಧವೇ ಆಗುತ್ತದೆ.

ಮೊದಲು ಪೇಟೆಂಟಿನ ಸಾಲು. 1876ರಲ್ಲಿ ಥಾಮಸ್ ಎಡಿಸನ್ ವಿದ್ಯುತ್ ಪೆನ್ನಿಗೆ ಪೇಟೆಂಟ್ ಪಡೆದ. ಅದು ಕಾಗದಕ್ಕೆ ಸಣ್ಣ ತೂತು ಹೊಡೆದು ಪ್ರತಿ ತೆಗೆಯುವ ಕಚೇರಿ ಉಪಕರಣ. 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ’ರೈಲಿ ಅದೇ ತತ್ವದ ಮೇಲೆ ಹಚ್ಚೆ ಮಷೀನಿಗೆ ಪೇಟೆಂಟ್ ಪಡೆದ. 1899ರಲ್ಲಿ ಲಂಡನ್ನಿನ ಆಲ್ಫ್ರೆಡ್ ಸೌತ್ ಎರಡು ಕಾಯಿಲ್‌ಗಳ ಮಷೀನು ದಾಖಲಿಸಿದ. ನಂತರ 1904ರಲ್ಲಿ ಚಾರ್ಲಿ ವ್ಯಾಗ್ನರ್, 1929ರಲ್ಲಿ ಪರ್ಸಿ ವಾಟರ್ಸ್. ಇವತ್ತಿನ ಕಾಯಿಲ್ ಮಷೀನಿನ ರೂಪ ಹೆಚ್ಚುಕಡಿಮೆ ಅಲ್ಲಿಗೆ ನಿಂತಿತು.

ಕೆಲಸ ಮಾಡುವ ರೀತಿ ನಮಗೆ ಹೊಸದಲ್ಲ, ಶಾಲೆಯಲ್ಲಿ ಓದಿದ ವಿದ್ಯುತ್ ಗಂಟೆಯೇ. ಕಾಯಿಲಿನಲ್ಲಿ ವಿದ್ಯುತ್ ಹರಿದಾಗ ಒಳಗಿನ ಕಬ್ಬಿಣದ ದಿಂಡು ಅಯಸ್ಕಾಂತವಾಗಿ ಮೇಲಿನ ಪಟ್ಟಿಯನ್ನ ಎಳೆಯುತ್ತದೆ. ಪಟ್ಟಿ ಇಳಿದ ಕೂಡಲೇ ಮುಂದಿನ ಸ್ಪ್ರಿಂಗು ಸ್ಕ್ರೂ ಬಿಟ್ಟು ಸರಿಯುತ್ತದೆ, ವಿದ್ಯುತ್ ಕಡಿಯುತ್ತದೆ. ಹಿಂದಿನ ಸ್ಪ್ರಿಂಗು ಪಟ್ಟಿಯನ್ನ ಮೇಲೆತ್ತುತ್ತದೆ, ಮತ್ತೆ ಸಂಪರ್ಕ. ಸೆಕೆಂಡಿಗೆ ನೂರರ ಆಸುಪಾಸು ಸಲ ಹೀಗೆ ನಡೆದು ಸೂಜಿ ಏರಿಳಿಯುತ್ತದೆ.

ಈಗ ಲೋಹಕ್ಕೆ ಬರೋಣ. ಎಲ್ಲಕ್ಕಿಂತ ಮುಖ್ಯ ದಿಂಡು. ಎಳೆಯುವುದು ಸುಲಭ, ಬಿಡುವುದು ಕಷ್ಟ. ಇಂಗಾಲ ಹೆಚ್ಚಿರುವ ಗಟ್ಟಿ ಉಕ್ಕು ಹಾಕಿದರೆ ವಿದ್ಯುತ್ ನಿಂತ ಮೇಲೂ ಕಾಂತತ್ವ ಉಳಿಯುತ್ತದೆ. ಪಟ್ಟಿ ಅಂಟಿಕೊಂಡಂತೆ ತಡವಾಗಿ ಏಳುತ್ತದೆ, ಓಟ ಮಂದವಾಗುತ್ತದೆ. ಇಂಗಾಲ ಕಡಿಮೆ ಇರುವ ಮೆದು ಕಬ್ಬಿಣ ಬೇಗ ಹಿಡಿದು ಬೇಗ ಬಿಡುತ್ತದೆ. 1825ರಲ್ಲಿ ವಿಲಿಯಂ ಸ್ಟರ್ಜನ್ ವಿದ್ಯುತ್ಕಾಂತ ತೋರಿಸಿದ್ದೂ ಮೆದು ಕಬ್ಬಿಣದ ಮೇಲೆಯೇ. ಅದೇ ಸರಳನ್ನ ಕೆಂಪಗೆ ಕಾಯಿಸಿ ಬೂದಿಯಲ್ಲಿ ಹುಗಿದು ನಿಧಾನ ಆರಿಸಿದರೆ ಇನ್ನೂ ಮೆದುವಾಗುತ್ತದೆ, ಉಳಿಯುವ ಕಾಂತತ್ವವೂ ತಗ್ಗುತ್ತದೆ. ಬೂದಿಯಲ್ಲಿ ಆರಿಸೋದು ಕಮ್ಮಾರಸಾಲೆಯ ಹಳೆಯ ಪಾಠ.

ಎರಡನೆಯದು ಚೌಕಟ್ಟು. ಸೌತ್‌ನ ಮಷೀನು ಹಿತ್ತಾಳೆ ಪೆಟ್ಟಿಗೆಯಲ್ಲಿ ಇತ್ತು. ಭಾರ ತಡೆಯಲು ಅಂಥ ಮಷೀನನ್ನ ಮೇಲಿನಿಂದ ಸ್ಪ್ರಿಂಗಿಗೆ ತೂಗುಹಾಕುತ್ತಿದ್ದರಂತೆ. ಭಾರ ಒಂದು ಮಾತಾದರೆ, ಕಾಂತದ ದಾರಿ ಇನ್ನೊಂದು. ಎರಡು ದಿಂಡು, ಮೇಲಿನ ಪಟ್ಟಿ, ಕೆಳಗಿನ ತಳ ಸೇರಿ ಒಂದು ಸುತ್ತು ಆಗಬೇಕು. ಕಬ್ಬಿಣದ ಚೌಕಟ್ಟಾದರೆ ಅದೇ ತಳದ ಕೆಲಸ ಮಾಡುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಓಗೊಡುವುದಿಲ್ಲ. ಅಲ್ಲಿ ಕಾಯಿಲಿನ ಕೆಳಗೆ ಕಬ್ಬಿಣದ ಪಟ್ಟಿಯೊಂದನ್ನ ಬೇರೆಯಾಗಿ ಕೂರಿಸಬೇಕು, ಇಲ್ಲದಿದ್ದರೆ ಎಳೆತ ಸೋಲುತ್ತದೆ. ಅಲ್ಯೂಮಿನಿಯಂ ಹಗುರ, ದಿನವಿಡೀ ಹಿಡಿದವರ ಮಣಿಕಟ್ಟಿಗೆ ಆರಾಮ. ಬೀಡು ಕಬ್ಬಿಣ ಭಾರ, ಕೆಳಗೆ ಬಿದ್ದರೆ ಒಡೆಯುತ್ತದೆ. ಆದರೆ ಅದರೊಳಗಿನ ಗ್ರಾಫೈಟ್ ಪದರುಗಳು ಅದುರನ್ನ ನುಂಗುತ್ತವೆ. ಎಂಜಿನ್ನಿನ ಬ್ಲಾಕು, ಲೇಥಿನ ತಳ ಬೀಡಿನಲ್ಲಿ ಎರಕ ಹೊಯ್ಯಲು ಇದೂ ಒಂದು ಕಾರಣ.

ಮೂರನೆಯದು ಸ್ಪ್ರಿಂಗು ಮತ್ತು ಸಂಪರ್ಕ. ಸ್ಪ್ರಿಂಗ್ ಉಕ್ಕಿನ ಪಟ್ಟಿಯನ್ನ ಉರುಳೆಯಲ್ಲಿ ಎಳೆದ ದಿಕ್ಕಿಗೆ ಅಡ್ಡವಾಗಿ ಮಡಿಸಬೇಕು. ಉದ್ದಕ್ಕೆ ಮಡಿಸಿದರೆ ಬಿರುಕು ಬೇಗ. ಪಟ್ಟಿ ದಪ್ಪವಾದರೆ ಓಟ ಚುರುಕು, ಆದರೆ ಎಳೆಯಲು ಹೆಚ್ಚು ವಿದ್ಯುತ್ ಬೇಕು. ಇನ್ನು ಸಂಪರ್ಕ ಕಡಿದಾಗಲೆಲ್ಲ ಕಿಡಿ ಹಾರುತ್ತದೆ, ಯಾಕಂದ್ರೆ ಕಾಯಿಲ್ ತನ್ನ ವಿದ್ಯುತ್ತನ್ನ ಒಮ್ಮೆಲೇ ಬಿಡುವುದಿಲ್ಲ. ಆ ಕಿಡಿಗೆ ಹಿತ್ತಾಳೆ ಸ್ಕ್ರೂ ಕಪ್ಪಾಗಿ ಗುಳಿ ಬೀಳುತ್ತದೆ, ಓಟ ತಪ್ಪುತ್ತದೆ. ಬೆಳ್ಳಿಯ ತುದಿ ಹೆಚ್ಚು ಕಾಲ ತಾಳುತ್ತದೆ. ಕೆಪಾಸಿಟರ್ ಜೋಡಿಸಿದರೆ ಕಿಡಿಯೇ ತಗ್ಗುತ್ತದೆ.

ಇದೆಲ್ಲ ಲಂಡನ್, ನ್ಯೂಯಾರ್ಕಿನ ಮಾತಾಯಿತು, ನಮ್ಮ ಭಾಗಕ್ಕೇನು ಸಂಬಂಧ ಅಂತ ನೀವು ಕೇಳಬಹುದು. ನಮ್ಮ ಸುತ್ತ ನೋಡ್ರಿ. ಇಚಲಕರಂಜಿಗೆ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ. ಮಗ್ಗದ ಜೊತೆ ಮೋಟಾರು, ಮೋಟಾರಿನ ಜೊತೆ ರಿವೈಂಡಿಂಗ್ ಅಂಗಡಿ. ಎನಾಮೆಲ್ ತಂತಿಯ ಗೇಜು, ಸುತ್ತಿನ ಲೆಕ್ಕ, ಸುಟ್ಟ ಕಾಯಿಲಿನ ವಾಸನೆ ಅಲ್ಲಿನವರಿಗೆ ಬಾಯಿಪಾಠ. ಕೊಲ್ಹಾಪುರದ ಉದ್ಯಮನಗರ ಎರಕಕ್ಕೆ ಹೆಸರಾದದ್ದು. ಎಣ್ಣೆ ಎಂಜಿನ್ನು, ಪಂಪಿನ ಭಾಗ ಹೊಯ್ದು ಬೆಳೆದ ಪೇಟೆ. ಗಡಹಿಂಗ್ಲಜದಂಥ ಊರಲ್ಲೂ ಲೇಥ್ ಅಂಗಡಿ, ಕಮ್ಮಾರಸಾಲೆ ಇದ್ದೇ ಇವೆ. ಕಾಯಿಲ್ ಮಷೀನಿಗೆ ಬೇಕಾದ ಜ್ಞಾನ ಈ ಮೂರು ಕಡೆಯೂ ಹಂಚಿಹೋಗಿದೆ. ಇಲ್ಲಿ ಒಂದು ಮಷೀನು ರಿಪೇರಿ ಆದರೆ ಆ ಕೈಗಳು ಪೇಟೆಂಟು ಓದಿರುವುದಿಲ್ಲ. ಆದರೆ ಯಾವ ಸರಳು ‘ಬಿಡುತ್ತದೆ’, ಯಾವುದು ‘ಹಿಡಿಯುತ್ತದೆ’ ಅಂತ ಅವಕ್ಕೆ ಗೊತ್ತು. ಇದನ್ನ ‘ಜುಗಾಡ್’ ಅಂತ ಒಂದು ಮಾತಿನಲ್ಲಿ ತಳ್ಳಿಹಾಕಬಾರದು.

ಮಷೀನಿಗೂ ಮುಂಚಿನ ಕಸುಬಿಗೂ ಇದೇ ಮಾತು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ನ ಸಂಪುಟಗಳು ಕೊರವ ಹೆಣ್ಣುಮಕ್ಕಳ ಹಚ್ಚೆ ಕಸುಬನ್ನ ದಾಖಲಿಸಿವೆ. ಕಟ್ಟಿದ ಸೂಜಿ, ದೀಪದ ಕಾಡಿಗೆ, ಮೇಲೆ ಅರಿಸಿನ. ಸೂಜಿ ಎಷ್ಟು ಆಳ ಇಳಿಯಬೇಕು ಅನ್ನೋದು ಮಣಿಕಟ್ಟಿಗೆ ಗೊತ್ತಿತ್ತು. ಮಷೀನು ಬಂದಾಗ ಆ ಮಣಿಕಟ್ಟಿನ ಲೆಕ್ಕದ ಒಂದು ಪಾಲು ಸ್ಪ್ರಿಂಗಿಗೂ ದಿಂಡಿಗೂ ಹೋಯಿತು. ಅಜ್ಜಿಯ ಕೈಯನ್ನ ‘ಸಂಪ್ರದಾಯ’ ಅಂತಲೂ ಮಷೀನನ್ನ ‘ತಂತ್ರಜ್ಞಾನ’ ಅಂತಲೂ ಬೇರೆ ಬೇರೆ ಅಧ್ಯಾಯದಲ್ಲಿ ಇಟ್ಟರೆ ಈ ದಾಟು ಕಾಣುವುದಿಲ್ಲ.

ಚರ್ಚೆ

ವಿದ್ಯಾರ್ಥಿನಿ: ಸರ್, ಚರ್ಮದ ಸೋಂಕಿನ ಪ್ರಶ್ನೆಯಲ್ಲೂ ಲೋಹದ ಪಾತ್ರ ಇದೆಯಾ?

ಉತ್ತರ: ಖಂಡಿತ ಇದೆ. ಕಾಯಿಲನ್ನ ಕುದಿಸಕ್ಕಾಗಲ್ಲ, ಆಟೋಕ್ಲೇವಿಗೆ ಹಾಕಕ್ಕಾಗಲ್ಲ. ತಂತಿಯ ಸುತ್ತು ಹಾಳಾಗುತ್ತದೆ. ಅದಕ್ಕೇ ಸೂಜಿ ಮತ್ತು ನಳಿಗೆ ಬಿಚ್ಚಿ ಬೇರೆ ಮಾಡುವಂತೆ ಇರಬೇಕು. ಸ್ಟೇನ್‌ಲೆಸ್ ಸ್ಟೀಲಿನ ನಳಿಗೆ ತುಕ್ಕು ಹಿಡಿಯದೆ ಮತ್ತೆ ಮತ್ತೆ ಆವಿಯ ಶಾಖ ತಡೆಯುತ್ತದೆ. ಸೂಜಿ ಮಾತ್ರ ಒಬ್ಬರಿಗೆ ಒಂದೇ ಸಲ. ಒಂದೇ ಸೂಜಿಯಲ್ಲಿ ಸಾಲಾಗಿ ಹಾಕಿದರೆ ಎಷ್ಟು ಒಳ್ಳೆಯ ಲೋಹ ಇದ್ದರೂ ಹೆಪಟೈಟಿಸ್, ಎಚ್‌ಐವಿ ಅಪಾಯ ತಪ್ಪಲ್ಲ.

ಪ್ರಾಧ್ಯಾಪಕರು: ಈಗ ರೋಟರಿ ಮಷೀನು ಬಂದಿದೆಯಲ್ಲ. ಕಾಯಿಲಿನ ಚರ್ಚೆ ಹಳೆಯದಾಗಲಿಲ್ಲವೇ?

ಉತ್ತರ: ಸರ್, ಅದೂ ಲೋಹದ ಕಥೆಯೇ. 1980ರ ದಶಕದಲ್ಲಿ ನಿಯೋಡಿಮಿಯಂ ಅಯಸ್ಕಾಂತ ಬಂದ ಮೇಲೆ ಮೋಟಾರು ಸಣ್ಣದಾಗಿಯೂ ಬಲವಾಗಿಯೂ ಇರಲು ಸಾಧ್ಯವಾಯಿತು. ಓ’ರೈಲಿಯ ಹಳೆಯ ದಾರಿ ಹೊಸ ಲೋಹದಿಂದ ಮತ್ತೆ ತೆರೆಯಿತು.

ಕ್ಷೇತ್ರಕಾರ್ಯಕ್ಕೆ ಹೋಗುವ ಗೆಳೆಯರಿಗೆ ಒಂದು ಮಾತು. ಹಳೆಯ ಮಷೀನು ಸಿಕ್ಕರೆ ಫೋಟೋ ತೆಗೆದು ಬರಬೇಡಿ. ತೂಕ ಹಾಕಿ. ಚೌಕಟ್ಟಿಗೆ ಸಣ್ಣ ಅಯಸ್ಕಾಂತ ಹಿಡಿದು ನೋಡಿ. ಹಿತ್ತಾಳೆಯೋ, ಹಿತ್ತಾಳೆ ಬಣ್ಣದ ಕಬ್ಬಿಣವೋ ತಿಳಿಯುತ್ತದೆ. ಮಷೀನು ಓಡಿಸಿ ನಿಲ್ಲಿಸಿ, ದಿಂಡಿಗೆ ಗುಂಡುಸೂಜಿ ತಾಗಿಸಿ. ಅಂಟಿಕೊಂಡರೆ ಉಕ್ಕಿನಲ್ಲಿ ಇಂಗಾಲ ಹೆಚ್ಚಿದೆ ಅನ್ನೋದಕ್ಕೆ ಸುಳಿವು. ಆಮೇಲೆ ಈ ಸರಳು ಯಾಕೆ ಹಾಕಿದಿರಿ ಅಂತ ಅವರನ್ನೇ ಕೇಳಿ, ಉತ್ತರವನ್ನ ಅವರ ಮಾತಿನಲ್ಲೇ ಬರೆದುಕೊಳ್ಳಿ.